ಬರೆಯಲು ಒದ್ದಾಡುವ ಮಗುವಿಗೆ ಕಾಪಿ ಬರಹವೋ, ಮನೆಯ ಅಭ್ಯಾಸವೋ, ಕ್ಲಾಸೋ, ಥೆರಪಿಯೋ?

ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವನ ಕನ್ನಡ ಪಟ್ಟಿ ತೆಗೆದು ನೋಡಿದೆ. ಪೆನ್ಸಿಲ್ ಎಷ್ಟು ಒತ್ತಿ ಹಿಡಿದಿದ್ದ ಅಂದರೆ, ಬರೆದ ಪುಟದ ಹಿಂದಿನ ಮೂರು ಹಾಳೆಗಳ ಮೇಲೂ ಅಕ್ಷರ ಕೈಗೆ ತಾಗುತ್ತಿತ್ತು. ಎರಡು ಕಡೆ ಒರೆಸಿ ಒರೆಸಿ ಹಾಳೆ ತೂತಾಗಿತ್ತು. ಇದೇ ಹುಡುಗ ಮಾರಿಕಾಂಬಾ ಜಾತ್ರೆಯಲ್ಲಿ ಏನೇನು ನೋಡಿದೆ ಅಂತ ಅಜ್ಜನಿಗೆ ಅರ್ಧ ತಾಸು ಹೇಳಬಲ್ಲ. ಬರೆಯಲು ಕೂರಿಸಿದರೆ ಒಂದು ಸಾಲು. ಆಮೇಲೆ, "ಆಯಿ, ಕೈ ನೋಯ್ತು."

ಸಿಕ್ಕವರೆಲ್ಲ ಒಂದೇ ಮಾತು ಹೇಳಿದರು: ದಿನಾ ಎರಡು ಪುಟ ಕಾಪಿ ಬರೆಸಿ, ತನ್ನಿಂದ ತಾನೇ ಸರಿ ಹೋಗುತ್ತದೆ. ಬರೆಸಿದೆ. ಸರಿ ಹೋಗಲಿಲ್ಲ, ಬರೆಯುವುದೆಂದರೆ ಅವನಿಗೆ ಅಳು ಬರುವ ಹಾಗಾಯಿತು. ಈಗ ಅವನು ಐದನೇ ಕ್ಲಾಸು. ನಡುವಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ದಾರಿಗಳನ್ನೂ ನೋಡಿದ್ದೇವೆ. ನಾವಿರುವುದು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ನನ್ನ ತವರು ಕೆಳಗೆ ಕರಾವಳಿಯ ಅಂಕೋಲಾ. ಹಾಗಾಗಿ ಘಟ್ಟದ ಮೇಲಿನವರಿಗೆ ಏನು ಸಿಗುತ್ತದೆ, ಕೆಳಗಿನವರಿಗೆ ಏನು ಸಿಗುತ್ತದೆ ಅನ್ನುವುದು ಎರಡೂ ಸ್ವಲ್ಪ ಗೊತ್ತು. ಈಗ ಇದೇ ಸ್ಥಿತಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಆರಿಸುವ ಮೊದಲು ಒಂದು ಸಣ್ಣ ಪರೀಕ್ಷೆ

ಬರಹ ಅಂದರೆ ಒಂದು ಕೆಲಸ ಅಲ್ಲ. ಏನು ಹೇಳಬೇಕು ಅಂತ ಹೊಳೆಯಬೇಕು, ಆ ಮಾತಿಗೆ ಯಾವ ಅಕ್ಷರ, ಯಾವ ಒತ್ತು ಅಂತ ನೆನಪಾಗಬೇಕು, ಆ ಅಕ್ಷರವನ್ನು ಕೈ ಮೂಡಿಸಬೇಕು. ಈ ಮೂರರಲ್ಲಿ ನಿಮ್ಮ ಮಗು ಎಲ್ಲಿ ಸಿಕ್ಕಿಬೀಳುತ್ತಿದೆ ಅಂತ ಗೊತ್ತಾಗದೆ ಯಾವ ದಾರಿ ಹಿಡಿದರೂ ದುಡ್ಡು ಮತ್ತು ಮಗುವಿನ ಹುಮ್ಮಸ್ಸು ಎರಡೂ ಹಾಳು.

ಮೂರು ದಿನ ತೆಗೆದುಕೊಳ್ಳಿ, ಒಂದೇ ದಿನ ಎಲ್ಲ ಮಾಡಿಸಬೇಡಿ. ಮೊದಲ ದಿನ ಮಗು ನೋಡಿದ ಏನಾದರೊಂದರ ಬಗ್ಗೆ, ಜಾತ್ರೆಯೋ, ಬಂದರಿಗೆ ಬೋಟು ಬಂದದ್ದೋ, ಬಾಯಲ್ಲಿ ಹೇಳಿಸಿ. ಆಮೇಲೆ ಅದನ್ನೇ ಮೂರು ಸಾಲು ಬರೆಯಲು ಹೇಳಿ. ಎರಡನೇ ದಿನ ಅಂಥದೇ ಮೂರು ಸಾಲು ನೀವು ಹೇಳಿ, ಮಗು ಕೇಳಿ ಬರೆಯಲಿ. ಮೂರನೇ ದಿನ ಅದೇ ಮೂರು ಸಾಲು ನೀವು ದೊಡ್ಡದಾಗಿ ಬರೆದಿಟ್ಟು ನೋಡಿ ಬರೆಸಿ. ನೋಡಿ ಬರೆಯುವಾಗಲೂ ಅಕ್ಷರ ಸೊಟ್ಟ, ಕೈ ನೋವು, ತುಂಬಾ ನಿಧಾನ ಅಂದರೆ ತೊಂದರೆ ಕೈಯಲ್ಲಿದೆ. ನೋಡಿ ಬರೆದದ್ದು ಚೆನ್ನಾಗಿದೆ, ಕೇಳಿ ಬರೆದಾಗ ದೀರ್ಘ, ಒತ್ತು, ಸೊನ್ನೆ ಎಲ್ಲ ಕಲಸಿಹೋಗುತ್ತದೆ ಅಂದರೆ ಶಬ್ದಕ್ಕೂ ಅಕ್ಷರಕ್ಕೂ ಇರುವ ಗಂಟು ಇನ್ನೂ ಗಟ್ಟಿಯಾಗಿಲ್ಲ. ಅಂಥ ಮಗು ಓದುವಾಗಲೂ ತಡವರಿಸುತ್ತದಾ ಅಂತ ಗಮನಿಸಿ. ಎರಡೂ ಸರಿಯಿದ್ದು ಸ್ವಂತ ಬರೆಯಲು ಮಾತ್ರ ಖಾಲಿ ಕೂರುತ್ತದೆ ಅಂದರೆ ಮಾತು ಜೋಡಿಸುವುದರಲ್ಲಿ ಸಹಾಯ ಬೇಕು. ನನ್ನ ಮಗನಿಗೆ ಇದ್ದದ್ದು ಮೊದಲನೆಯದು, ಜೊತೆಗೆ ಎರಡನೆಯದರ ಅರ್ಧ.

ಇದಕ್ಕೂ ಮೊದಲು ಕಣ್ಣು ತೋರಿಸಿ. ಬೋರ್ಡು ಕಾಣದೆ ತಪ್ಪು ಬರೆಯುವ ಮಕ್ಕಳು ಇದ್ದಾರೆ. ಕಿವಿಯ ಬಗ್ಗೆ ಸಂಶಯ ಇದ್ದರೆ ಅದನ್ನೂ.

ಇನ್ನೊಂದು ಮಾತು, ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯ. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ನಮ್ಮಲ್ಲಿ ಹವ್ಯಕ ಕನ್ನಡ, ಅಂಕೋಲಾ ಕುಮಟಾ ಹಳ್ಳಿಗಳಲ್ಲಿ ಹಾಲಕ್ಕಿಗಳ ಮಾತು. ಮಗು 'ಪುಸ್ತಕ ಇದೆ' ಅನ್ನುವ ಬದಲು 'ಪುಸ್ತಕ ಇದ್ದು' ಅಂತ ಬರೆದರೆ ಅದು ಮನೆಮಾತು ಕಾಗದಕ್ಕೆ ಇಳಿದದ್ದು, ಕಾಯಿಲೆ ಅಲ್ಲ. ಪುಸ್ತಕದ ಕನ್ನಡ ಕಿವಿಗೆ ಜಾಸ್ತಿ ಬಿದ್ದ ಹಾಗೆ ಅದು ಬದಲಾಗುತ್ತದೆ. ಅಕ್ಷರವೇ ಬಿಟ್ಟುಹೋಗುವುದು, ತಿಂಗಳುಗಟ್ಟಲೆ ಕಲಿತರೂ ಅದೇ ಅಕ್ಷರ ಮರೆಯುವುದು ಬೇರೆ ವಿಷಯ.

ಕಾಪಿ ಬರಹ

ಎಲ್ಲಕ್ಕಿಂತ ಅಗ್ಗ, ಎಲ್ಲರೂ ಹೇಳುವುದೂ ಇದನ್ನೇ. ಅಕ್ಷರ ಚೆನ್ನಾಗಿ ಗೊತ್ತಿದ್ದು ಅವಸರಕ್ಕೆ ಗೀಚುವ ಮಗುವಿಗೆ ಇದು ಸಾಕು. ಉಳಿದವರಿಗೆ ನಾನು ಬೇಡ ಅನ್ನುತ್ತೇನೆ, ಕಾರಣ ಹೇಳುತ್ತೇನೆ. ಮಗು ಕಾಪಿ ಬರೆಯುವಾಗ ಪಕ್ಕದಲ್ಲಿ ಕೂತು ನೋಡಿ. ಮೊದಲ ಸಾಲು ಮೇಲಿನ ಮಾದರಿ ನೋಡಿ ಬರೆಯುತ್ತದೆ, ಎರಡನೇ ಸಾಲಿನಿಂದ ತಾನು ಬರೆದದ್ದನ್ನೇ ನೋಡಿ ಬರೆಯುತ್ತದೆ. ಎರಡನೇ ಸಾಲಿನಲ್ಲಿ ಒಂದು ಒತ್ತು ಜಾರಿದರೆ ಹತ್ತನೇ ಸಾಲಿನವರೆಗೂ ಅದೇ ತಪ್ಪು ಒಂಬತ್ತು ಸಲ ಅಭ್ಯಾಸ ಆಗುತ್ತದೆ. ಪುಟ ಮುಗಿಯುವ ಹೊತ್ತಿಗೆ ಕೈ ಸೋತು ಅಕ್ಷರ ಇನ್ನೂ ಕೆಟ್ಟಿರುತ್ತದೆ.

ಶಾಲೆಯಿಂದ ಕಾಪಿ ಕಡ್ಡಾಯ ಅಂದರೆ ಹೀಗೆ ಮಾಡಿ: ಮೂರು ಸಾಲು ಸಾಕು, ಪ್ರತಿ ಸಾಲಿಗೂ ಮೊದಲು ಮಾದರಿ ಪದ ನೋಡಿ, ಕೈಯಿಂದ ಮುಚ್ಚಿ, ನೆನಪಿನಿಂದ ಬರೆದು, ತೆರೆದು ತಾಳೆ ನೋಡಲಿ. ನೋಡುವುದು, ಮುಚ್ಚುವುದು, ಬರೆಯುವುದು. ಇದರಲ್ಲಿ ಕೈ ಜೊತೆ ತಲೆಯೂ ಕೆಲಸ ಮಾಡುತ್ತದೆ.

ಮನೆಯಲ್ಲಿ ದಿನಕ್ಕೆ 15 ನಿಮಿಷ

ಬಹಳ ಮಕ್ಕಳಿಗೆ ಶುರು ಮಾಡಬೇಕಾದ ಜಾಗ ಇದು ಅಂತ ನನಗೆ ಅನ್ನಿಸಿದೆ. ಖರ್ಚಿಲ್ಲ, ಆದರೆ ದಿನಾ ಕೂರಬೇಕು, ಸಿಟ್ಟು ಮಾಡಬಾರದು. ವಾರಕ್ಕೆ ಒಂದು ಸಲ ಎರಡು ತಾಸು ಕೂರಿಸುವುದಕ್ಕಿಂತ ದಿನಾ 15 ನಿಮಿಷ ಎಷ್ಟೋ ಮೇಲು. ಮಳೆಗಾಲದಲ್ಲಿ ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನಗಳಲ್ಲೂ ನಾವು ತಪ್ಪಿಸಲಿಲ್ಲ, ಕರೆಂಟ್ ಹೋದರೆ ಜಗಲಿಯಲ್ಲಿ ಕೂತೆವು.

ಮೊದಲ 5 ನಿಮಿಷ ಬೆರಳಿಗೆ. ಅದಕ್ಕೆ ಆಟಿಕೆ ಕೊಳ್ಳುವುದು ಬೇಡ. ಬಾಳೆನಾರಿನಲ್ಲಿ ಅಬ್ಬಲಿಗೆ ದಂಡೆ ಕಟ್ಟಲು ಕಲಿಸಿ, ಹುಡುಗರಿಗೂ ಕಲಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ಕೆಲಸ ಮಾಡುವುದು ಅಲ್ಲಿ ಕಾಣುತ್ತದೆ. ಬೇಯಿಸಿದ ಹಲಸಿನ ಬೀಜದ ಸಿಪ್ಪೆ ಬಿಡಿಸುವುದು, ಶೇಂಗಾ ಸುಲಿಯುವುದು, ಒಣಹಾಕಿದ ಬಟ್ಟೆಗೆ ಕ್ಲಿಪ್ ಹಾಕುವುದು, ಹಿಟ್ಟು ನಾದುವುದು, ಎಲ್ಲ ಒಳ್ಳೆಯದೇ. ಆದರೆ ಬೆರಳ ಆಟ ಮಾತ್ರ ಆಡಿಸಿ ಅಕ್ಷರ ಸುಧಾರಿಸುತ್ತದೆ ಅಂತ ಕಾಯಬೇಡಿ. ಬರಹ ಸುಧಾರಿಸುವುದು ಬರೆದಾಗಲೇ. ಬೆರಳು ಅದಕ್ಕೆ ತಯಾರಿ ಅಷ್ಟೇ.

ಉಳಿದ 10 ನಿಮಿಷ ಅಕ್ಷರಕ್ಕೆ. ಪಾಟಿ ಬಳಪ ಇದ್ದರೆ ಹೊರಗೆ ತೆಗೆಯಿರಿ. ಪಾಟಿಯ ಮೇಲೆ ತಪ್ಪಿದರೆ ಒರೆಸಿ ಬಿಡಬಹುದು, ತಪ್ಪಿನ ಗುರುತು ಉಳಿಯುವುದಿಲ್ಲ, ಮಗುವಿಗೆ ಅದೇ ದೊಡ್ಡ ಧೈರ್ಯ. ತವರಿಗೆ ಹೋದಾಗ ಸಂಜೆ ಸಮುದ್ರದ ದಂಡೆಯ ಒದ್ದೆ ಮರಳಿನಲ್ಲಿ ಬರೆಯುತ್ತಿದ್ದೆವು. ಅಲ್ಲಿ ಅಕ್ಷರ ಒಂದು ಮಾರು ದೊಡ್ಡದು, ಇಡೀ ತೋಳು ಓಡುತ್ತದೆ. ಪೆನ್ಸಿಲ್ ಜಾಸ್ತಿ ಒತ್ತುವ ಮಕ್ಕಳಿಗೆ ಥರ್ಮೋಕೋಲ್ ಹಲಗೆಯ ಮೇಲೆ ಹಾಳೆ ಇಟ್ಟು ಬರೆಸಿ. ಒತ್ತಿದರೆ ಹಾಳೆ ತೂತಾಗುತ್ತದೆ, ಯಾರೂ ಬಯ್ಯಬೇಕಾಗಿಲ್ಲ, ಕೈಗೇ ಗೊತ್ತಾಗುತ್ತದೆ. ನಮ್ಮಲ್ಲಿ ಈ ಒಂದು ಉಪಾಯಕ್ಕೇ ಕೈನೋವು ಎಷ್ಟೋ ಇಳಿಯಿತು. ಪೆನ್ಸಿಲ್ ಮೂರು ಮೂಲೆಯದು, ದಪ್ಪನೆಯದು ಇರಲಿ, ಇಲ್ಲವಾದರೆ ಗಿಡ್ಡ ತುಂಡು. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಕೂತಾಗ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ.

ಎಡಗೈ ಮಗುವಾದರೆ ಕೈ ಬದಲಿಸಬೇಡಿ. ಊಟ ಬಲಗೈಯಲ್ಲೇ ಆಗಲಿ ಅಂತ ಹಿರಿಯರು ಹೇಳಿದರೆ ಆಗಲಿ, ಬರಹ ಎಡಗೈಯಲ್ಲೇ ಇರಲಿ. ಹಾಳೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿ ಕೊಡಿ, ಪೆನ್ಸಿಲ್ ತುದಿಯಿಂದ ಸ್ವಲ್ಪ ಮೇಲೆ ಹಿಡಿಯಲಿ, ಬೆಂಚಿನಲ್ಲಿ ಎಡ ತುದಿಗೆ ಕೂರಲಿ.

ಯಾವ ಅಕ್ಷರದಿಂದ ಶುರು? ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಶಾಲೆಯಲ್ಲಿ ನಲಿ-ಕಲಿ. ಸರ್ಕಾರಿ ಶಾಲೆಗಳ 1ರಿಂದ 3ನೇ ಕ್ಲಾಸಿನ ಆ ಪದ್ಧತಿಯಲ್ಲಿ ಕನ್ನಡ ಶುರುವಾಗುವುದು ರ, ಗ, ಸ, ದ, ಅ ಅಂತ. ನಾನು ಮನೆಯಲ್ಲಿ ಅ, ಆ, ಇ, ಈ ಅಂತ ಬರೆಸುತ್ತಿದ್ದೆ. ಮಗುವಿಗೆ ಎರಡು ದೋಣಿಯಲ್ಲಿ ಕಾಲು. ಶಾಲೆಯ ಅಕ್ಕೋರು, ಅಂದರೆ ಟೀಚರು, ಒಂದು ದಿನ ಕೂರಿಸಿಕೊಂಡು ವಿವರಿಸಿದರು: ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು. ಒಂದು ಗುಣಿತ ಬೇಡ, ಒತ್ತು ಬೇಡ, ಮೊದಲ ವಾರವೇ ಪದ. ನಾಲ್ಕು ಸ್ವರ ತಿದ್ದಿಸಿದರೆ ಯಾವ ಪದ ಆಗುತ್ತದೆ ಹೇಳಿ? ನಿಮ್ಮ ಮಗುವಿನ ಶಾಲೆ ಯಾವ ಕ್ರಮ ಹಿಡಿದಿದೆಯೋ ಮನೆಯಲ್ಲೂ ಅದನ್ನೇ ಹಿಡಿಯಿರಿ.

ಆಮೇಲೆ ಅಕ್ಷರಗಳನ್ನು ಆಕಾರ ನೋಡಿ ಜೋಡಿಸಿ. ರ ಕೈಗೆ ಬಂದರೆ ಒಳಗೆ ಚುಕ್ಕೆ ಇಟ್ಟು ಠ. ದ ಬಂದರೆ ಹೊಟ್ಟೆ ಸೀಳಿ ಧ. ಬ ಬಂದರೆ ಹಾಗೇ ಭ. ಒಂದು ಅಕ್ಷರ ಗಟ್ಟಿಯಾದ ಮೇಲೇ ಅದರ ಜೋಡಿ ಕಲಿಸಿ, ಎರಡನ್ನೂ ಒಂದೇ ದಿನ ಕಲಿಸಿದರೆ ಗೊಂದಲ ಜಾಸ್ತಿ. ಪ ಮತ್ತು ಷ, ವ ಮತ್ತು ಮ ಕೂಡ ಹಾಗೇ.

ಒತ್ತಕ್ಷರಕ್ಕೆ ನಮಗೆ ಸಿಕ್ಕ ಪಾಠಪುಸ್ತಕ ಬಸ್ಸಿನ ಬೋರ್ಡು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಸಾಕು. ಕಾರವಾರ, ಇದರಲ್ಲಿ ಒತ್ತೇ ಇಲ್ಲ, ಎರಡು ದೀರ್ಘ ಅಷ್ಟೇ. ಅಂಕೋಲಾ, ಮುಂಡಗೋಡ, ಸೊನ್ನೆ. ಹೊನ್ನಾವರ, ಯಲ್ಲಾಪುರ, ಸಿದ್ದಾಪುರ, ಅದೇ ಅಕ್ಷರಕ್ಕೆ ಅದೇ ಒತ್ತು. ಭಟ್ಕಳ, ಟ ಕೆಳಗೆ ಬೇರೆ ಒತ್ತು. ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು, ಗೋಕರ್ಣ. ಬಾಯಲ್ಲಿ ರ್ ಮೊದಲು ಬರುತ್ತದೆ, ಬರೆಯುವಾಗ ಣ ಆದ ಮೇಲೆ ಅರ್ಕಾವೊತ್ತು. ಮಗ ಎಷ್ಟೋ ದಿನ 'ಗೋಕಣ್ರ' ಅಂತ ಬರೆಯುತ್ತಿದ್ದ. ಅದು ದಡ್ಡತನ ಅಲ್ಲ. ಕಣ್ಣು ಒಂದು ಕ್ರಮ ಹೇಳುತ್ತದೆ, ಕಿವಿ ಇನ್ನೊಂದು. ಈ ಅಕ್ಷರ ಹಿಂದೆ ನಿಂತು ಮೊದಲು ಕೂಗುತ್ತದೆ ಅಂತ ಹೇಳಿಕೊಟ್ಟೆ, ಸೂರ್ಯ, ಕರ್ಕಿ, ಮಾರ್ಚ್ ಎಲ್ಲ ಅದೇ ಬುಟ್ಟಿಗೆ ಬಿದ್ದವು.

ಹ್ಯಾಂಡ್‌ರೈಟಿಂಗ್ ಕ್ಲಾಸು, ಟ್ಯೂಷನ್

ಬೇಸಿಗೆ ರಜೆಯಲ್ಲಿ ಇಂಥ ಕ್ಲಾಸುಗಳು ತುಂಬಾ. ನಾವೂ ಒಂದಕ್ಕೆ ಕಳಿಸಿದೆವು. ಕೊನೆಯ ದಿನ ಒಂದು ಹಾಳೆ ಕೊಟ್ಟರು, ಮುತ್ತು ಪೋಣಿಸಿದ ಹಾಗೆ ಅಕ್ಷರ. ಜೂನ್‌ನಲ್ಲಿ ಶಾಲೆಯ ಪಟ್ಟಿ ನೋಡಿದರೆ ಮೊದಲಿನ ಹಾಗೇ. ಅಲ್ಲಿ ನೋಡಿ ಬರೆಯುವುದು ಮಾತ್ರ ಕಲಿಸಿದ್ದರು, ಇವನಿಗೆ ಬೇಕಿದ್ದದ್ದು ನೆನಪಿನಿಂದ ಬರೆಯುವುದು.

ಸೇರಿಸುವುದಾದರೆ ಮೂರು ಪ್ರಶ್ನೆ ಕೇಳಿ. ಒಂದು ಸಲಕ್ಕೆ ಎಷ್ಟು ಮಕ್ಕಳು? ಬರೆದ ಹಾಳೆ ಮಾತ್ರ ನೋಡುತ್ತಾರಾ, ಮಗು ಪೆನ್ಸಿಲ್ ಹಿಡಿಯುವುದು ಕೂರುವುದೂ ನೋಡುತ್ತಾರಾ? ಹಿಂದಿನ ಮಕ್ಕಳು ಸ್ವಂತವಾಗಿ ಬರೆದ ಹಾಳೆ ತೋರಿಸುತ್ತಾರಾ? ನಾಲ್ಕನೇ ಕ್ಲಾಸು ದಾಟಿದ, ಅಂದ ಮಾತ್ರ ಬೇಕಾದ ಮಗುವಿಗೆ ಕ್ಲಾಸು ಆಗಬಹುದು. ಅದಕ್ಕಿಂತ ಚಿಕ್ಕ, ಅಳುವ ಮಗುವಿಗೆ ಬೇಡ.

ಶಾಲೆಯ ಮೂಲಕ ಸಿಗುವ ಸಹಾಯ

ಮನೆಯ ಅಭ್ಯಾಸದ ಜೊತೆಗೇ ಇದನ್ನೂ ಶುರು ಮಾಡಿ. ಮಾಸ್ತರಿಗೋ ಅಕ್ಕೋರಿಗೋ ದೂರು ಹೇಳುವ ಹಾಗೆ ಹೋಗಬೇಡಿ, ನೀವು ಮಾಡಿದ ಮೂರು ದಿನದ ಹಾಳೆಗಳನ್ನು ಹಿಡಿದುಕೊಂಡು ಹೋಗಿ. ಕೇಳಬೇಕಾದದ್ದು ಸಣ್ಣದು: ಮುಂದಿನ ಸಾಲಿನಲ್ಲಿ ಜಾಗ, ಬೋರ್ಡಿನಿಂದ ಬರೆದುಕೊಳ್ಳುವುದು ಅರ್ಧ, ಕೆಲವು ಉತ್ತರ ಬಾಯಲ್ಲಿ. ನಮ್ಮ ಅಕ್ಕೋರು ಮೂರಕ್ಕೂ ಒಪ್ಪಿದರು.

ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಅನ್ನುವ ಶಿಕ್ಷಕರು ಇರುತ್ತಾರೆ, ಮುಖ್ಯ ಶಿಕ್ಷಕರ ಮೂಲಕ ಕೇಳಿ. 2013ರಿಂದ ನಡೆಯುತ್ತಿರುವ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯ ಆರೋಗ್ಯ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತದೆ. ಅವರು ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ. ತಂಡ ಬರುವ ದಿನ ತಿಳಿದುಕೊಂಡು ನೀವೇ ಹೋಗಿ ಹೇಳಿ, ಇಲ್ಲವಾದರೆ ತೂಕ ಎತ್ತರ ನೋಡಿ ಮುಂದೆ ಹೋಗುವ ಸಾಧ್ಯತೆ ಇದೆ. ಈ ದಾರಿಯಲ್ಲಿ ದುಡ್ಡು ಖರ್ಚಾಗುವುದಿಲ್ಲ. ಕೊರತೆ ಏನೆಂದರೆ ಕೆಲವೇ ಜನ ಇಡೀ ತಾಲೂಕು ಸುತ್ತಬೇಕು, ಘಟ್ಟದ ದಾರಿಯಲ್ಲಿ ನಿಮ್ಮ ಶಾಲೆಗೆ ಪದೇ ಪದೇ ಬರಲು ಆಗುವುದಿಲ್ಲ.

ತಜ್ಞರ ಹತ್ತಿರ ಹೋಗುವುದು

ಮೂರು ನಾಲ್ಕು ತಿಂಗಳು ದಿನಾ ಮಾಡಿಯೂ ಹಾಳೆಯಲ್ಲಿ ಬದಲಾವಣೆ ಕಾಣದಿದ್ದರೆ, ಮಗುವಿಗೆ 8 ವರ್ಷ ಆಗಿದ್ದರೆ, ಇನ್ನು ಕಾಯಬೇಡಿ. ಓದೂ ಕಷ್ಟ, ಬರಹವೂ ಕಷ್ಟ ಅಂದರೆ ಅಷ್ಟು ದಿನವೂ ಕಾಯುವುದು ಬೇಡ. ಬರಹದಲ್ಲಿ ಮಾತ್ರ ಇರುವ ಇಂಥ ತೊಂದರೆಗೆ ಡಿಸ್‌ಗ್ರಾಫಿಯಾ ಅನ್ನುತ್ತಾರೆ, ಓದಿನದ್ದಕ್ಕೆ ಡಿಸ್ಲೆಕ್ಸಿಯಾ. ಬುದ್ಧಿ ಕಡಿಮೆ ಅಂತ ಅರ್ಥ ಅಲ್ಲವೇ ಅಲ್ಲ.

ಯಾರ ಹತ್ತಿರ? ಕೈಯ ತೊಂದರೆಗೆ ಆಕ್ಯುಪೇಶನಲ್ ಥೆರಪಿಸ್ಟ್. ಶಬ್ದ ಮತ್ತು ಅಕ್ಷರದ ತೊಂದರೆಗೆ ಸ್ಪೆಷಲ್ ಎಜುಕೇಟರ್. ಪರೀಕ್ಷೆ ಮಾಡಿ ಏನಿದೆ ಅಂತ ಹೇಳುವುದು ಕ್ಲಿನಿಕಲ್ ಸೈಕಾಲಜಿಸ್ಟ್. ಇದು ಗೊತ್ತಿಲ್ಲದೆ ತಪ್ಪು ಬಾಗಿಲು ತಟ್ಟಿ ತಿಂಗಳು ಕಳೆಯುವವರು ಇದ್ದಾರೆ. ಮೊದಲು ಊರಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸಿಕೊಳ್ಳಿ.

ಎಲ್ಲಿ ಅನ್ನುವುದು ನೀವು ಘಟ್ಟದ ಮೇಲೋ ಕೆಳಗೋ ಅನ್ನುವುದರ ಮೇಲೆ. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ ಧಾರವಾಡ ಸಲೀಸು, ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೊನ್ನಾವರ, ಭಟ್ಕಳ, ಕುಮಟಾದವರಿಗೆ ರೈಲು ಹತ್ತಿದರೆ ಉಡುಪಿ, ಅಲ್ಲಿಂದ ಮಣಿಪಾಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ಮಾಡುತ್ತಾರೆ, ಒಂದೆರಡು ದಿನ ಉಳಿದುಕೊಳ್ಳುವ ತಯಾರಿ ಬೇಕು.

ದೂರದ ಮಾತು ಹಗುರ ಅಲ್ಲ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಒಂದು ಭೇಟಿಗೆ ನಿಮ್ಮದೊಂದು ದಿನದ ಕೆಲಸ, ಮಗುವಿನದೊಂದು ದಿನದ ಶಾಲೆ, ಮೇಲೆ ಬಸ್ಸಿನಲ್ಲಿ ವಾಂತಿ. ವಾರಕ್ಕೆ ಎರಡು ಸಲ ಬನ್ನಿ ಅಂದರೆ ಆಗದ ಮಾತು. ಹಾಗಾಗಿ ಮೊದಲ ದಿನವೇ ಕೇಳಿ: ತಿಂಗಳಿಗೆ ಒಂದು ಸಲ ಬರುತ್ತೇವೆ, ನಡುವಿನ ದಿನಗಳಿಗೆ ಮನೆಯಲ್ಲಿ ಮಾಡುವುದನ್ನು ಬರೆದು ಕೊಡುತ್ತೀರಾ, ವಿಡಿಯೋ ಕಳಿಸಿದರೆ ನೋಡುತ್ತೀರಾ? ಹೂಂ ಅನ್ನುವವರನ್ನು ಆರಿಸಿ. ನಮಗೆ ಥರ್ಮೋಕೋಲ್ ಉಪಾಯ ಕಲಿಸಿದ್ದು ಅಂಥ ಒಬ್ಬ ಥೆರಪಿಸ್ಟ್.

ಬಾಯಿ, ಫೋನು, ಬರೆದುಕೊಡುವವರು

ಕೈ ಕಲಿಯುವವರೆಗೆ ತಲೆ ಕಾಯುತ್ತಾ ಕೂರಬಾರದು. ಮಗು ಹೇಳಲಿ, ನೀವು ಬರೆಯಿರಿ. ಬರೆದದ್ದನ್ನು ಮಗು ಓದಲಿ, ಅದರಲ್ಲಿ ತನಗೆ ಇಷ್ಟವಾದ ಒಂದೇ ಸಾಲು ತಾನು ಬರೆಯಲಿ. ತನ್ನ ಮಾತು ಕಾಗದದ ಮೇಲೆ ಅರ್ಧ ಪುಟ ಆದದ್ದನ್ನು ಮೊದಲ ಸಲ ನೋಡಿದಾಗ ನನ್ನ ಮಗ ಬೆರಳಿಟ್ಟು ಸಾಲು ಎಣಿಸಿದ. ಹನ್ನೊಂದು. ಸ್ವಂತ ಬರೆಯಲು ಖಾಲಿ ಕೂರುವ ಮಕ್ಕಳಿಗೆ ಇದೇ ಮದ್ದು: ಮೊದಲು ಮಾತು, ಆಮೇಲೆ ಪಾಟಿಯ ಮೇಲೆ ನಾಲ್ಕು ಪದ, ಆಮೇಲೆ ವಾಕ್ಯ. ದೊಡ್ಡ ಮಕ್ಕಳಿಗೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡುವ ಸೌಲಭ್ಯ ಇದೆ, ಮನೆಮಾತಿನ ಶಬ್ದ ತಪ್ಪಾಗಿ ಬರುತ್ತದೆ, ತಿದ್ದುವುದೂ ಒಂದು ಪಾಠ.

ಹೀಗೆ ಮಾಡಿದರೆ ಬರೆಯುವ ಅಭ್ಯಾಸ ತಪ್ಪುತ್ತದೆ ಅಂತ ಹೆದರುವವರಿದ್ದಾರೆ. ದಿನದ 15 ನಿಮಿಷ ನಡೆಯುತ್ತಿದ್ದರೆ ತಪ್ಪುವುದಿಲ್ಲ. ಬಾಯಿ ಮಾತ್ರ ಸಾಕು ಅಂತ ಬಿಟ್ಟರೆ ತಪ್ಪುತ್ತದೆ.

ಪರೀಕ್ಷೆಗೆ ಕಾನೂನಿನ ಆಸರೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕೆಯ ತೊಂದರೆ ಸೇರಿದೆ, ಡಿಸ್‌ಗ್ರಾಫಿಯಾ ಹೆಸರು ಹಿಡಿದೇ ಹೇಳಿದೆ. ಹೆಚ್ಚಿನ ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಆ ಕಾಯ್ದೆಯಲ್ಲಿವೆ. ಅದಕ್ಕೆ ಪ್ರಮಾಣಪತ್ರ ಬೇಕು. ಎಸ್‌ಎಸ್‌ಎಲ್‌ಸಿ ವರ್ಷದ ಜನವರಿಯಲ್ಲಿ ಓಡಾಡಿದರೆ ಆಗುವ ಕೆಲಸ ಅಲ್ಲ, ಎಂಟನೇ ಕ್ಲಾಸಿನಲ್ಲೇ ಶುರು ಮಾಡಿ. 'ಅಂಗವಿಕಲ' ಅನ್ನುವ ಪದ ಕೇಳಿ ನನ್ನ ಅತ್ತೆ ಅತ್ತರು. ಮಗುವಿಗೆ ಪರೀಕ್ಷೆಯಲ್ಲಿ ಒಂದು ತಾಸು ಜಾಸ್ತಿ ಸಿಕ್ಕರೆ ತನಗೆ ಗೊತ್ತಿದ್ದದ್ದನ್ನು ಪೂರ್ತಿ ಬರೆಯುತ್ತದೆ, ಅಷ್ಟೇ ಅಂತ ಕೂತು ಹೇಳಿದ ಮೇಲೆ ಒಪ್ಪಿದರು.

ಯಾವ ದಾರಿ ಹಿಡಿದರೂ ತಿಂಗಳ ಮೊದಲ ಭಾನುವಾರ ಅದೇ ಮೂರು ಸಾಲು ಕೇಳಿ ಬರೆಸಿ, ತಾರೀಖು ಹಾಕಿ, ಎಷ್ಟು ನಿಮಿಷ ಹಿಡಿಯಿತು ಅಂತ ಮೂಲೆಯಲ್ಲಿ ಗುರುತು ಮಾಡಿ, ಒಂದು ಫೈಲಿನಲ್ಲಿ ಇಡಿ. ತಿದ್ದಬೇಡಿ, ಒರೆಸಿಸಬೇಡಿ. ಮೂರು ಹಾಳೆ ಪಕ್ಕಪಕ್ಕ ಇಟ್ಟರೆ ಮುಂದುವರಿಸಬೇಕೋ ದಾರಿ ಬದಲಿಸಬೇಕೋ ಅಂತ ನಿಮಗೇ ಕಾಣುತ್ತದೆ. ಧಾರವಾಡಕ್ಕೋ ಮಣಿಪಾಲಕ್ಕೋ ಹೊರಡುವ ದಿನ ಬಂದರೆ ಚೀಲಕ್ಕೆ ಮೊದಲು ಹಾಕಬೇಕಾದದ್ದು ಆ ಫೈಲನ್ನೇ.